ಸ್ಪೈನ್‌ಬಿಲ್‌ಗಳು: ಒಂದೇ ಕೊಕ್ಕಿನ ಎರಡು ಹಕ್ಕಿಗಳು

ಸ್ಪೈನ್‌ಬಿಲ್‌ಗಳು ಆಸ್ಟ್ರೇಲಿಯದಲ್ಲಷ್ಟೇ ಕಾಣಸಿಗುವ, ಹೂವಿನ ಮಕರಂದವನ್ನು ನೆಚ್ಚಿ ಬಾಳುವ ಎರಡು ಪುಟ್ಟ ಹಕ್ಕಿಗಳು. ಹನಿಈಟರ್ ಕುಟುಂಬದ (ಮೆಲಿಫ್ಯಾಜಿಡೇ) ಅಕ್ಯಾಂತೊರಿಂಕಸ್ ಎಂಬ ಜಾತಿಯಲ್ಲಿರುವುದು ಈ ಎರಡೇ ಪ್ರಭೇದ: ಪೂರ್ವದ ಸ್ಪೈನ್‌ಬಿಲ್ (ಅಕ್ಯಾಂತೊರಿಂಕಸ್ ಟೆನ್ಯುಯಿರಾಸ್ಟ್ರಿಸ್) ಮತ್ತು ಪಶ್ಚಿಮದ ಸ್ಪೈನ್‌ಬಿಲ್ (ಅಕ್ಯಾಂತೊರಿಂಕಸ್ ಸೂಪರ್ಸಿಲಿಯೋಸಸ್). ಮೊದಲನೆಯದು ಖಂಡದ ಪೂರ್ವ ಅಂಚಿನಲ್ಲೂ ಟಾಸ್ಮೇನಿಯ ದ್ವೀಪದಲ್ಲೂ ಇದೆ. ಎರಡನೆಯದು ಪಶ್ಚಿಮ ಆಸ್ಟ್ರೇಲಿಯದ ನೈಋತ್ಯ ಮೂಲೆ ಬಿಟ್ಟು ಬೇರೆಲ್ಲೂ ಇಲ್ಲ. ಎರಡರ ನೆಲೆಗಳ ನಡುವೆ ಸಾವಿರ ಕಿಲೋಮೀಟರಿಗೂ ಹೆಚ್ಚಿನ ಒಣನಾಡು ಬಿದ್ದಿದೆ.

ಕೊಕ್ಕು, ಮೈಗಾತ್ರ, ಹೂವಿನ ಮುಂದೆ ನಿಂತು ಮಕರಂದ ಹೀರುವ ರೀತಿ, ಇವೆಲ್ಲ ಎರಡರಲ್ಲೂ ಬಹುತೇಕ ಒಂದೇ. ಪುಕ್ಕದ ಬಣ್ಣ ಮಾತ್ರ, ಅದರಲ್ಲೂ ಹೆಣ್ಣಿನ ಬಣ್ಣ, ಸ್ಪಷ್ಟವಾಗಿ ಬೇರೆ. ಹೂವು ತಿದ್ದಿದ ಅಂಗ ಹಾಗೇ ಉಳಿದು, ಹೂವಿಗೆ ಸಂಬಂಧವಿಲ್ಲದ್ದು ಬದಲಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕಾದುದು ಇದಕ್ಕಾಗಿ.

ಕುಟುಂಬದಲ್ಲಿ ಇವುಗಳ ಸ್ಥಾನ

ಹನಿಈಟರ್ ಕುಟುಂಬದಲ್ಲಿ ಸುಮಾರು 190 ಪ್ರಭೇದಗಳಿವೆ. ಆಸ್ಟ್ರೇಲಿಯ, ನ್ಯೂಗಿನಿ, ಇಂಡೋನೇಷ್ಯದ ಪೂರ್ವದ ದ್ವೀಪಗಳು, ನ್ಯೂಜಿಲೆಂಡ್ ಮತ್ತು ಪೆಸಿಫಿಕ್ ಸಾಗರದ ಹಲವು ದ್ವೀಪಗಳು ಇವುಗಳ ನೆಲೆ. ಭಾರತದಲ್ಲಿ ಒಂದೂ ಇಲ್ಲ. ಎಂಟು ಗ್ರಾಮಿನ ಆಸುಪಾಸು ತೂಗುವ ಕಡುಗೆಂಪು ಹನಿಈಟರ್ ಒಂದು ತುದಿಯಲ್ಲಿದ್ದರೆ, ಟಾಸ್ಮೇನಿಯದ ಹಳದಿ ವಾಟಲ್‌ಬರ್ಡ್ ಇನ್ನೊಂದು ತುದಿಯಲ್ಲಿದೆ. ಅದು ಕಾಗೆಯಷ್ಟು ಉದ್ದದ ಹಕ್ಕಿ. ಹತ್ತು ಹನ್ನೊಂದು ಗ್ರಾಮಿನ ಸ್ಪೈನ್‌ಬಿಲ್‌ಗಳು ಕುಟುಂಬದ ಚಿಕ್ಕವರ ಸಾಲಿಗೆ ಸೇರುತ್ತವೆ.

ಗಾತ್ರದಲ್ಲಿ ಕಿರಿದಾದರೂ ವಂಶಾವಳಿಯಲ್ಲಿ ಇವು ಹಳಬರು. 2004ರಲ್ಲಿ ಆಮಿ ಡ್ರಿಸ್ಕೆಲ್ ಮತ್ತು ಲೆಸ್ ಕ್ರಿಸ್ಟಿಡಿಸ್ ಪ್ರಕಟಿಸಿದ ಡಿಎನ್‌ಎ ಅಧ್ಯಯನದಲ್ಲಿ, ಉಳಿದೆಲ್ಲ ಹನಿಈಟರ್‌ಗಳಿಂದ ಮೊದಲು ಕವಲೊಡೆದದ್ದು ಸ್ಪೈನ್‌ಬಿಲ್‌ಗಳ ವಂಶ ಎಂದು ಕಂಡುಬಂತು. ಕೊಕ್ಕು ಹೀಗೆ ಸೂಜಿಯಂತಾಗಿರುವ ಹಕ್ಕಿ ಕುಟುಂಬದ ಕೊನೆಯ ಕುಡಿಯಾಗಿರಬೇಕು, ಮೊಂಡು ಕೊಕ್ಕಿನ ಸಾಧಾರಣ ಹಕ್ಕಿಗಳಿಂದ ನಿಧಾನವಾಗಿ ರೂಪುಗೊಂಡಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ವಂಶವೃಕ್ಷ ಆ ಊಹೆಯನ್ನು ಬೆಂಬಲಿಸುವುದಿಲ್ಲ.

ಹನಿಈಟರ್‌ಗಳ ಹತ್ತಿರದ ನೆಂಟರೆಂದರೆ ಆಸ್ಟ್ರೇಲಿಯದ ನೀಲಿ ಬಣ್ಣದ ಫೇರಿರೆನ್‌ಗಳು, ಪಾರ್ಡಲೋಟ್‌ಗಳು, ತಾರ್ನ್‌ಬಿಲ್‌ಗಳು. ಇವುಗಳಲ್ಲಿ ಯಾವುದೂ ಹೂವಿನ ಹಕ್ಕಿಯಲ್ಲ. ಹವಾಯಿ ದ್ವೀಪಗಳಲ್ಲಿದ್ದು ಅಳಿದುಹೋದ ‘ಓಓ’ ಹಕ್ಕಿಗಳನ್ನು ಬಹುಕಾಲ ಹನಿಈಟರ್‌ಗಳೆಂದೇ ಎಣಿಸಲಾಗಿತ್ತು. ವಸ್ತುಸಂಗ್ರಹಾಲಯದ ಹಳೆಯ ಚರ್ಮಗಳಿಂದ ತೆಗೆದ ಡಿಎನ್‌ಎ ಆಧರಿಸಿ 2008ರಲ್ಲಿ ಅವನ್ನು ಬೇರೆಯೇ ಕುಟುಂಬಕ್ಕೆ ಸೇರಿಸಿದರು. ಮಕರಂದ ಕುಡಿಯುವ ಹಕ್ಕಿಗಳನ್ನು ರೂಪ ನೋಡಿ ವಿಂಗಡಿಸಲು ಹೊರಟವರು ಎಲ್ಲ ಕಾಲದಲ್ಲೂ ಹೀಗೆ ಎಡವಿದ್ದಾರೆ.

ಹೆಸರಿಟ್ಟವರು

ಪೂರ್ವದ ಹಕ್ಕಿಯನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಇಂಗ್ಲೆಂಡಿನ ವೈದ್ಯ ಜಾನ್ ಲೇಥಮ್, 1801ರಲ್ಲಿ. ಆಸ್ಟ್ರೇಲಿಯಕ್ಕೆ ಆತ ಎಂದೂ ಕಾಲಿಟ್ಟವನಲ್ಲ. ಸಿಡ್ನಿಯ ಹೊಸ ವಸಾಹತಿನಿಂದ ಹಡಗಿನಲ್ಲಿ ಬರುತ್ತಿದ್ದ ಚಿತ್ರಗಳನ್ನೂ ಒಣಗಿಸಿದ ಚರ್ಮಗಳನ್ನೂ ನೋಡಿಯೇ ಅಲ್ಲಿನ ಹತ್ತಾರು ಹಕ್ಕಿಗಳಿಗೆ ಹೆಸರಿಟ್ಟ. ಇದನ್ನು ಅವನು ಸೇರಿಸಿದ್ದು ‘ಸರ್ಥಿಯಾ’ ಎಂಬ ಜಾತಿಗೆ. ಇಂದು ಆ ಹೆಸರು ಮರದ ತೊಗಟೆಯ ಮೇಲೆ ಹರಿದಾಡುವ ಕೆಲವು ಹಕ್ಕಿಗಳಿಗಷ್ಟೇ ಸಲ್ಲುತ್ತದೆ. ಅಂದು ಅದು ಬಾಗಿದ ಸಣ್ಣ ಕೊಕ್ಕಿನ ಹಕ್ಕಿಗಳನ್ನೆಲ್ಲ ತುಂಬಿಡುವ ಜಾಗವಾಗಿತ್ತು. ನಮ್ಮ ಬಯಲುಸೀಮೆಯ ತೋಟಗಳಲ್ಲಿ ಕಪ್ಪಾಗಿ ಮಿರುಗುವ ನೇರಳೆ ಸೂರಕ್ಕಿಗೂ ವೈಜ್ಞಾನಿಕ ಹೆಸರಿಟ್ಟವನು ಇದೇ ಲೇಥಮ್, 1790ರಲ್ಲಿ. ಅದನ್ನೂ ಅವನು ಸರ್ಥಿಯಾ ಎಂದೇ ಕರೆದಿದ್ದ. ಹೀಗೆ ಭಾರತದ ಸೂರಕ್ಕಿಯೂ ಆಸ್ಟ್ರೇಲಿಯದ ಸ್ಪೈನ್‌ಬಿಲ್ಲೂ ಒಂದಷ್ಟು ಕಾಲ ಕಾಗದದ ಮೇಲೆ ಒಂದೇ ಮನೆಯವರಾಗಿದ್ದವು.

ಮನೆ ಬೇರೆ ಮಾಡಿದವನು ಇಂಗ್ಲೆಂಡಿನ ಪಕ್ಷಿತಜ್ಞ ಜಾನ್ ಗೂಲ್ಡ್. 1837ರಲ್ಲಿ ಆತ ಅಕ್ಯಾಂತೊರಿಂಕಸ್ ಜಾತಿಯನ್ನು ಸ್ಥಾಪಿಸಿ, ಪಶ್ಚಿಮದ ಪ್ರಭೇದವನ್ನೂ ಅದೇ ವರ್ಷ ವರ್ಣಿಸಿದ. ಅವನು ಪತ್ನಿ ಎಲಿಜಬೆತ್ ಜೊತೆ ಆಸ್ಟ್ರೇಲಿಯಕ್ಕೆ ಹಡಗು ಹತ್ತಿದ್ದು 1838ರಲ್ಲಿ. ಅಂದರೆ ಎರಡೂ ಹಕ್ಕಿಗಳು ಶಾಸ್ತ್ರಗ್ರಂಥ ಸೇರಿದ್ದು ಅವುಗಳ ನಾಡನ್ನೇ ಕಾಣದವರ ಕೈಯಿಂದ. ಅವು ಹೂವಿನ ಮುಂದೆ ಹೇಗೆ ನಿಲ್ಲುತ್ತವೆ, ಹೇಗೆ ಕೂಗುತ್ತವೆ ಎಂಬುದು ಚರ್ಮ ನೋಡಿದವರಿಗೆ ತಿಳಿಯುವುದಾದರೂ ಹೇಗೆ? ಪಶ್ಚಿಮದ ಕಾಡುಗಳಲ್ಲಿ ಗೂಲ್ಡ್ ಪರವಾಗಿ ಅಲೆದು ಹಕ್ಕಿಗಳನ್ನು ಸಂಗ್ರಹಿಸಿ, ಅವುಗಳ ನಡವಳಿಕೆಯನ್ನು ಬರೆದಿಟ್ಟ ಜಾನ್ ಗಿಲ್ಬರ್ಟನ ಪಾಲು ದೊಡ್ಡದು. 1845ರಲ್ಲಿ ಲೈಕಾರ್ಟ್ ಅನ್ವೇಷಣಾ ತಂಡದೊಡನೆ ಹೋಗಿದ್ದ ಗಿಲ್ಬರ್ಟ್ ಉತ್ತರ ಕ್ವೀನ್ಸ್‌ಲೆಂಡಿನಲ್ಲಿ ಈಟಿ ತಗುಲಿ ಸತ್ತ.

ಮೈಬಣ್ಣ

ಎರಡೂ ಹಕ್ಕಿಗಳು ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೆ ಅಳೆದರೆ ಸುಮಾರು 12ರಿಂದ 16 ಸೆಂಟಿಮೀಟರ್. ಅದರಲ್ಲಿ ಕೊಕ್ಕಿನದೇ ಒಳ್ಳೆಯ ಪಾಲು: ತಲೆಗಿಂತ ಉದ್ದ, ಕಪ್ಪು, ತೆಳ್ಳಗೆ, ಕೆಳಕ್ಕೆ ಹದವಾಗಿ ಬಾಗಿದ್ದು, ತುದಿ ಚೂಪು. ಬೆಳೆದ ಹಕ್ಕಿಯ ಕಣ್ಣು ಕೆಂಪು. ಎರಡರ ಬಾಲದ ಅಂಚಿನ ಗರಿಗಳೂ ಬಿಳಿ, ಹಾರುವಾಗ ಈ ಬಿಳಿ ಥಟ್ಟನೆ ಹೊಳೆದು ಮರೆಯಾಗುತ್ತದೆ.

ಪೂರ್ವದ ಗಂಡಿನ ನೆತ್ತಿ ಹೊಳಪುಗಪ್ಪು. ಆ ಕಪ್ಪು ಕೆನ್ನೆ, ಕತ್ತುಗಳ ಬದಿಯಿಂದ ಇಳಿದು ಎದೆಯ ಎರಡೂ ಪಕ್ಕದಲ್ಲಿ ಅರ್ಧಚಂದ್ರದ ಪಟ್ಟಿಯಾಗುತ್ತದೆ. ಗಂಟಲು ಬಿಳಿ, ಅದರ ನಡುವೆ ಕೆಂಗಂದು ಬೊಟ್ಟು. ಕತ್ತಿನ ಹಿಂಭಾಗ ಕೆಂಗಂದು, ಬೆನ್ನು ಬೂದುಗಂದು, ಹೊಟ್ಟೆ ದಾಲ್ಚಿನ್ನಿ ಬಣ್ಣ. ಹೆಣ್ಣು ಇದೇ ಮಾದರಿಯ ಮಂಕು ಪ್ರತಿ: ನೆತ್ತಿಯಲ್ಲಿ ಕಪ್ಪಿನ ಬದಲು ಬೂದು, ಉಳಿದ ಬಣ್ಣಗಳು ಸ್ವಲ್ಪ ಇಳಿದವು. ದೂರದಿಂದ ಹೆಣ್ಣು ಗಂಡು ಗುರುತಿಸಲು ಅನುಭವ ಬೇಕು. ಮರಿಗಳಿಗೆ ಗಂಟಲ ಗುರುತೂ ಎದೆಯ ಅರ್ಧಚಂದ್ರವೂ ಇರುವುದಿಲ್ಲ, ಕಣ್ಣು ಕಂದು, ಕೆಳಗೊಕ್ಕಿನ ಬುಡದಲ್ಲಿ ಕಿತ್ತಳೆ ಛಾಯೆ.

ಪಶ್ಚಿಮದ ಗಂಡಿನಲ್ಲಿ ಇವೇ ಬಣ್ಣಗಳು ಸ್ಥಳ ಬದಲಿಸಿವೆ. ಪೂರ್ವದಲ್ಲಿ ಹೊಟ್ಟೆಯ ಮೇಲಿದ್ದ ಬೆಚ್ಚನೆಯ ಬಣ್ಣ ಇಲ್ಲಿ ಕಡುವಾಗಿ ಗಂಟಲಿಗೂ ಎದೆಗೂ ಏರಿದೆ, ಕತ್ತಿನ ಹಿಂದೆ ಅದೇ ಬಣ್ಣದ ಅಗಲ ಪಟ್ಟಿ. ಎದೆಯ ಕೆಂಗಂದಿನ ಕೆಳಗೆ ಒಂದು ಬಿಳಿ ಅಡ್ಡಪಟ್ಟಿ, ಅದರ ಕೆಳಗೆ ಕಪ್ಪು ಪಟ್ಟಿ, ಅಲ್ಲಿಂದ ಮುಂದೆ ಹೊಟ್ಟೆ ಮಾಸಲು. ಮುಖಕ್ಕೆ ಕಪ್ಪು ಮುಖವಾಡ, ಕಣ್ಣಿನ ಮೇಲೆ ಎದ್ದು ಕಾಣುವ ಬಿಳಿ ಹುಬ್ಬು. ಪೂರ್ವದ ಹಕ್ಕಿಗೆ ಈ ಹುಬ್ಬು ಇಲ್ಲ. ಬಣ್ಣದ ಜೋಡಣೆಯಲ್ಲಿ ಇದೇ ಹೆಚ್ಚು ಚೆಲುವಾದ ಹಕ್ಕಿ ಎಂದರೆ ಪೂರ್ವದವರು ಜಗಳಕ್ಕೆ ಬರಬಹುದು. ಆದರೆ ಬಿಸಿಲಲ್ಲಿ ಬ್ಯಾಂಕ್ಸಿಯಾ ಹೂಗೊಂಚಲ ಮೇಲೆ ಕುಳಿತ ಗಂಡಿನ ಚಿತ್ರ ನೋಡಿದವರು ಹೆಚ್ಚು ವಾದಿಸಲಾರರು.

ಪಶ್ಚಿಮದ ಹೆಣ್ಣಿನ ಕತೆ ಬೇರೆ. ಮೇಲೆ ಬೂದುಗಂದು, ಕೆಳಗೆ ಮಾಸಲು, ಕತ್ತಿನ ಹಿಂದೆ ಅಳಿಸಿದಂಥ ಕೆಂಗಂದಿನ ನೆನಪು, ಅಷ್ಟೇ. ಗಂಟಲಿನ ಬಣ್ಣವಿಲ್ಲ, ಎದೆಯ ಪಟ್ಟಿಗಳಿಲ್ಲ, ಮುಖವಾಡವಿಲ್ಲ. ಕೊಕ್ಕನ್ನು ನೋಡದಿದ್ದರೆ ಗಂಡಿನ ಜೋಡಿ ಇದೇ ಎಂದು ನಂಬುವುದು ಕಷ್ಟ. ಗೂಡಿನ ಮೇಲೆ ಕೂರುವ ಹೆಣ್ಣಿಗೆ ಮಂಕು ಬಣ್ಣ ಮರೆ ಒದಗಿಸುತ್ತದೆ ಎಂಬ ವಿವರಣೆ ಇಂಥಲ್ಲಿ ಸುಲಭವಾಗಿ ನಾಲಗೆಗೆ ಬರುತ್ತದೆ. ಪೂರ್ವದಲ್ಲೂ ಕಾವು ಕೊಡುವುದು ಹೆಣ್ಣೇ, ಅಲ್ಲಿಯೂ ಗೂಡು ತೆರೆದ ಬಟ್ಟಲೇ. ಆದರೂ ಅಲ್ಲಿನ ಹೆಣ್ಣು ಗಂಡಿನ ಬಣ್ಣದಲ್ಲೇ ಇದೆ. ಆ ವಿವರಣೆಯೊಂದೇ ಎರಡೂ ಹಕ್ಕಿಗಳಿಗೆ ಸಾಲದು.

ಪೂರ್ವದ ಪ್ರಭೇದ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಹಬ್ಬಿರುವುದರಿಂದ ಅದರಲ್ಲಿ ನಾಲ್ಕು ಉಪಪ್ರಭೇದಗಳನ್ನು ಗುರುತಿಸುತ್ತಾರೆ: ಉತ್ತರ ಕ್ವೀನ್ಸ್‌ಲೆಂಡಿನ ಎತ್ತರದ ಕಾಡುಗಳದು ಒಂದು, ಆಗ್ನೇಯದ ಮುಖ್ಯ ನೆಲದ್ದು ಒಂದು, ಟಾಸ್ಮೇನಿಯದ್ದು ಒಂದು, ದಕ್ಷಿಣ ಆಸ್ಟ್ರೇಲಿಯದ ಮೌಂಟ್ ಲಾಫ್ಟಿ ಬೆಟ್ಟಸಾಲು ಮತ್ತು ಕಾಂಗರೂ ದ್ವೀಪದ್ದು ಒಂದು. ಟಾಸ್ಮೇನಿಯದ ಹಕ್ಕಿಯನ್ನು ಗೂಲ್ಡ್ ಪ್ರತ್ಯೇಕ ಪ್ರಭೇದವೆಂದೇ ಹೆಸರಿಸಿದ್ದ, ಈಗ ಅದು ಉಪಪ್ರಭೇದ. ಪಶ್ಚಿಮದ ಹಕ್ಕಿಯಲ್ಲಿ ಇಂಥ ಒಳಭೇದಗಳಿಲ್ಲ.

ನಡುವಿನ ಬಯಲು

ನಲ್ಲರ್‌ಬೋರ್ ಎರಡೂ ಹಕ್ಕಿಗಳ ನೆಲೆಗಳ ನಡುವೆ ಬಿದ್ದಿರುವ, ಸುಮಾರು 2 ಲಕ್ಷ ಚದರ ಕಿಲೋಮೀಟರ್ ವಿಸ್ತಾರದ ಸುಣ್ಣಕಲ್ಲಿನ ಬಯಲು. ಒಂದು ಕಾಲಕ್ಕೆ ಕಡಲತಳವಾಗಿದ್ದದ್ದು ಮೇಲೆದ್ದು ನೆಲವಾಯಿತು. ಬಿದ್ದ ಅಷ್ಟಿಷ್ಟು ಮಳೆಯೂ ಕಲ್ಲಿನ ಸಂದುಗಳಲ್ಲಿ ಇಂಗಿಹೋಗುತ್ತದೆ. ನಡುಭಾಗದಲ್ಲಿ ಮರವೆಂಬುದಿಲ್ಲ, ಉಪ್ಪುಗಿಡಗಳ ಕುರುಚಲಷ್ಟೇ. ಇದರ ಮೇಲೆ ಹಾದುಹೋಗುವ ರೈಲುಹಳಿ 478 ಕಿಲೋಮೀಟರ್ ದೂರ ಒಂದು ತಿರುವೂ ಇಲ್ಲದೆ ನೆಟ್ಟಗೆ ಸಾಗುತ್ತದೆ, ಜಗತ್ತಿನಲ್ಲಿ ಅಷ್ಟು ಉದ್ದದ ನೇರ ಹಳಿ ಮತ್ತೊಂದಿಲ್ಲ. ಮಕರಂದ ಬೇಕಾದ ಹತ್ತು ಗ್ರಾಮಿನ ಹಕ್ಕಿಗೆ ಈ ಬಯಲು ಸಮುದ್ರಕ್ಕೆ ಸಮ.

ಖಂಡ ಒಣಗುತ್ತ ಬಂದಂತೆ ದಕ್ಷಿಣ ಕರಾವಳಿಯ ಉದ್ದಕ್ಕೂ ಇದ್ದಿರಬಹುದಾದ ಹೂಗಾಡಿನ ಪಟ್ಟಿ ಕಡಿದುಹೋಯಿತು, ಎರಡು ತುಂಡುಗಳಲ್ಲಿ ಉಳಿದ ಜೀವಿಗಳು ಬೇರೆ ಬೇರೆ ದಾರಿ ಹಿಡಿದವು ಎಂಬುದು ಇಂಥ ಜೋಡಿಗಳಿಗೆ ಜೀವವಿಜ್ಞಾನಿಗಳು ಕೊಡುವ ವಿವರಣೆ. ಸ್ಪೈನ್‌ಬಿಲ್‌ಗಳು ಒಂಟಿ ಉದಾಹರಣೆಯೇನಲ್ಲ. ಹಳದಿ ರಾಬಿನ್‌ಗಳಲ್ಲಿ ಪೂರ್ವದ್ದು ಪಶ್ಚಿಮದ್ದು ಎಂಬ ಎರಡು ಪ್ರಭೇದಗಳಿವೆ, ಚಿಕ್ಕ ವಾಟಲ್‌ಬರ್ಡ್‌ಗೂ ಪಶ್ಚಿಮದಲ್ಲಿ ಒಂದು ಜೋಡಿ ಇದೆ. ಎಲ್ಲ ಹಕ್ಕಿಗಳೂ ಹೀಗೆ ಬೇರ್ಪಟ್ಟಿಲ್ಲ ಎಂಬುದನ್ನೂ ಹೇಳಬೇಕು. ನ್ಯೂ ಹಾಲೆಂಡ್ ಹನಿಈಟರ್ ಬಯಲಿನ ಎರಡೂ ಕಡೆ ಇದ್ದು ಇನ್ನೂ ಒಂದೇ ಪ್ರಭೇದವಾಗಿ ಉಳಿದಿದೆ.

ಪೂರ್ವದ ಸ್ಪೈನ್‌ಬಿಲ್ ಕ್ವೀನ್ಸ್‌ಲೆಂಡಿನ ಕುಕ್‌ಟೌನ್ ಸುತ್ತಿನಿಂದ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯ ದಾಟಿ ದಕ್ಷಿಣ ಆಸ್ಟ್ರೇಲಿಯದವರೆಗೆ ಹರಡಿದೆ. ಉತ್ತರದ ಬಿಸಿನಾಡಿನಲ್ಲಿ ಅದು ಬೆಟ್ಟದ ಮೇಲಷ್ಟೇ ಸಿಗುವುದು. ಕಾಡು, ಕುರುಚಲು, ಊರಿನ ತೋಟ ಯಾವುದಾದರೂ ಅದಕ್ಕೆ ಆದೀತು, ಹೂವಿದ್ದರೆ ಸರಿ. ಪಶ್ಚಿಮದ್ದು ಪರ್ತ್ ನಗರದ ಉತ್ತರದ ಕುರುಚಲು ನೆಲದಿಂದ ತೆಂಕಣ ಕರಾವಳಿಯ ಎಸ್ಪೆರೆನ್ಸ್‌ನ ಆಚೆಯವರೆಗಿನ ಹೀತ್ ಪೊದೆನೆಲ, ಬ್ಯಾಂಕ್ಸಿಯಾ ತೋಪು, ಜರ್ರಾ ಎಂಬ ನೀಲಗಿರಿ ಬಳಗದ ಮರಗಳ ಕಾಡಿನ ಅಡಿಪೊದೆಗಳಲ್ಲಿದೆ.

ಹೂವು, ಕೊಕ್ಕು, ನಾಲಗೆ

ಹನಿಈಟರ್‌ಗಳ ನಾಲಗೆ ತುದಿಯಲ್ಲಿ ನಾಲ್ಕಾಗಿ ಸೀಳಿ, ಪ್ರತಿ ಸೀಳೂ ಕೂದಲಿನಂತೆ ಎಳೆಎಳೆಯಾಗಿ, ಬಣ್ಣ ಬಳಿಯುವ ಕುಂಚದಂತಾಗಿರುತ್ತದೆ. ನಾಲಗೆ ಹೂವಿನೊಳಕ್ಕೆ ಸರಸರನೆ ಹೋಗಿ ಬರುತ್ತದೆ, ಸೆಕೆಂಡಿಗೆ ಹತ್ತರ ಆಸುಪಾಸು ಸಲ. ಎಳೆಗಳಿಗೆ ಅಂಟಿದ ಮಕರಂದ ಬಾಯಿ ಸೇರುತ್ತದೆ. ಸ್ಪೈನ್‌ಬಿಲ್‌ಗಳಿಗೆ ಇದರ ಜೊತೆಗೆ ಉದ್ದ ಕೊಕ್ಕಿನ ಅನುಕೂಲವೂ ಇದೆ. ಬೇರೆ ಹನಿಈಟರ್‌ಗಳು ಬಟ್ಟಲಂಥ ತೆರೆದ ಹೂಗಳಲ್ಲಿ, ನೀಲಗಿರಿ ಹೂವಿನ ಕುಚ್ಚುಗಳಲ್ಲಿ ಮುಖವಿಟ್ಟು ಕುಡಿದರೆ, ಇವು ಕೊಳವೆಯಂಥ ಹೂಗಳ ತಳ ಮುಟ್ಟಬಲ್ಲವು. ಕೂರಲು ರೆಂಬೆಯಿದ್ದರೆ ಕೂತೇ ಕುಡಿಯುತ್ತವೆ. ಇಲ್ಲದಿದ್ದರೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತು ಕೊಕ್ಕು ಚಾಚುತ್ತವೆ. ಕುಟುಂಬದ ಇತರರಲ್ಲಿ ಇದು ಇಷ್ಟಾಗಿ ಕಾಣುವುದಿಲ್ಲ. ಅಮೆರಿಕದ ಹಮ್ಮಿಂಗ್‌ಬರ್ಡ್ ಆಸ್ಟ್ರೇಲಿಯಕ್ಕೆ ಬಂದುಬಿಟ್ಟಿದೆ ಎಂದು ಹೊಸಬರು ಬೆರಗಾಗುವುದು ಇದರಿಂದಲೇ.

ಬರೀ ಸಕ್ಕರೆನೀರಿನಿಂದ ಮೈ ಬೆಳೆಯದು. ಮಕರಂದದಲ್ಲಿ ಪ್ರೋಟೀನು ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ಎರಡೂ ಹಕ್ಕಿಗಳು ಹಾರುವ ಸಣ್ಣ ಹುಳುಗಳನ್ನು ಗಾಳಿಯಲ್ಲೇ ಹಿಡಿಯುತ್ತವೆ, ಎಲೆ ತೊಗಟೆಗಳ ಮೇಲಿಂದಲೂ ಹೆಕ್ಕುತ್ತವೆ. ಮರಿಗಳಿರುವಾಗ ಈ ಬೇಟೆ ಹೆಚ್ಚು.

ಇಷ್ಟೊಂದು ಹಕ್ಕಿಗಳನ್ನು ಸಾಕುವಷ್ಟು ಮಕರಂದ ಆಸ್ಟ್ರೇಲಿಯದ ಗಿಡಗಳಿಗೆ ಎಲ್ಲಿಂದ ಬಂತು? ಆ ಖಂಡದ ಮಣ್ಣು ಬಹಳ ಹಳೆಯದು, ರಂಜಕ ಸಾರಜನಕಗಳಲ್ಲಿ ಬಡವು. ಬಿಸಿಲಿಗೆ ಮಾತ್ರ ಬರವಿಲ್ಲ. ಬಿಸಿಲಿನಿಂದ ಸಕ್ಕರೆ ಬೇಕಾದಷ್ಟು ತಯಾರಾಗುತ್ತದೆ, ಅದನ್ನು ಎಲೆ ಬೀಜಗಳಾಗಿ ಮಾರ್ಪಡಿಸಲು ಬೇಕಾದ ಲವಣಗಳಿಗೆ ಕೊರತೆ. ಮಿಕ್ಕ ಸಕ್ಕರೆಯನ್ನು ಗಿಡಗಳು ಮಕರಂದವಾಗಿ ಧಾರಾಳವಾಗಿ ಸುರಿಯುತ್ತವೆ ಎಂಬುದು ಗಾರ್ಡನ್ ಓರಿಯನ್ಸ್ ಮತ್ತು ಆಂಟನಿ ಮಿಲೆವ್‌ಸ್ಕಿ 2007ರಲ್ಲಿ ಮುಂದಿಟ್ಟ ವಾದದ ಒಂದು ಭಾಗ. ಟಿಮ್ ಲೋ ಬರೆದ ‘ವೇರ್ ಸಾಂಗ್ ಬಿಗ್ಯಾನ್’ (2014) ಎಂಬ ಪುಸ್ತಕ ಈ ವಿಚಾರವನ್ನು ಸಾಮಾನ್ಯ ಓದುಗರಿಗೂ ತಲುಪಿಸಿತು.

ಪೂರ್ವದ ಹಕ್ಕಿಯ ಮೆಚ್ಚಿನ ಹೂಗಳಲ್ಲಿ ಕೊರ್ರಿಯಾ, ಗ್ರೆವಿಲಿಯಾ, ಬ್ಯಾಂಕ್ಸಿಯಾ, ಬದನಿಕೆ ಗಿಡಗಳು, ಎಪಕ್ರಿಸ್ ಪೊದೆಗಳು ಮುಖ್ಯ. ಎಪಕ್ರಿಸ್ ಇಂಪ್ರೆಸ್ಸಾ ಎಂಬುದು ಚಳಿಗಾಲದಲ್ಲಿ ಬಿಳಿ, ಗುಲಾಬಿ, ಕೆಂಪು ಬಣ್ಣಗಳಲ್ಲಿ ಅರಳುವ ಸಣ್ಣ ಪೊದೆ. ಅದರ ಹೂವು ಕಿರಿದಾದ ಕೊಳವೆ. ಉದ್ದ ಕೊಳವೆಯ ಹೂಗಳಿಗೆ ಸರಿಯಾಗಿ ಹೊಂದುವ ಕೊಕ್ಕು ಪೂರ್ವದ ಸ್ಪೈನ್‌ಬಿಲ್ಲಿನದು. ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಹೊತ್ತು ಹೋಗುವುದೂ ಅದೇ. ಈ ಹೂವಿನ ಗುಲಾಬಿ ಬಗೆ 1958ರಿಂದ ವಿಕ್ಟೋರಿಯ ರಾಜ್ಯದ ಹೂವು.

ಪಶ್ಚಿಮದಲ್ಲಿ ಇದಕ್ಕೆ ಸಮನಾದುದು ಕಾಂಗರೂ ಪಾ, ಅಂದರೆ ಅನಿಗೊಜಾಂಥಸ್. ನೆಲಮಟ್ಟದ ಎಲೆಗಳ ನಡುವಿನಿಂದ ಒಂದು ದಂಟು ಮೇಲೆದ್ದು, ಅದರ ತುದಿಯಲ್ಲಿ ರೋಮ ತುಂಬಿದ ಹೂಗಳು ಸಾಲಾಗಿ ನಿಲ್ಲುತ್ತವೆ. ಕೆಂಪು ದಂಟು ಹಸಿರು ಹೂವಿನ ಅನಿಗೊಜಾಂಥಸ್ ಮ್ಯಾಂಗ್ಲೆಸೀ 1960ರಿಂದ ಪಶ್ಚಿಮ ಆಸ್ಟ್ರೇಲಿಯದ ರಾಜ್ಯಪುಷ್ಪ. ಪಶ್ಚಿಮದ ಸ್ಪೈನ್‌ಬಿಲ್ ದಂಟನ್ನೇ ಹಿಡಿದು ಕೂತು, ಕತ್ತು ಚಾಚಿ ಹೂವಿನೊಳಕ್ಕೆ ಕೊಕ್ಕು ತೂರಿಸುತ್ತದೆ. ಹೂವಿನ ಪರಾಗಕೋಶಗಳು ಮೇಲಿನಿಂದ ಬಾಗಿರುವುದರಿಂದ ಹಕ್ಕಿಯ ತಲೆಗೆ ಪರಾಗ ಬಳಿದುಹೋಗುತ್ತದೆ. ಹೀಗೆ ಎರಡು ರಾಜ್ಯಗಳು ತಮ್ಮ ಲಾಂಛನಕ್ಕೆ ಆರಿಸಿಕೊಂಡ ಹೂಗಳೆರಡಕ್ಕೂ ಸ್ಪೈನ್‌ಬಿಲ್‌ಗಳ ಸೇವೆ ಸಂದಿದೆ. ಆರಿಸಿದವರು ಹಕ್ಕಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಾರರು.

ನೈಋತ್ಯದ ಸಸ್ಯಗಳಲ್ಲಿ ಸುಮಾರು ಶೇ. 15ರಷ್ಟು ಪರಾಗಸ್ಪರ್ಶಕ್ಕೆ ಹಕ್ಕಿಗಳನ್ನೋ ಸಸ್ತನಿಗಳನ್ನೋ ನೆಚ್ಚಿವೆ ಎಂದು ಅಂದಾಜು. ಜಗತ್ತಿನಲ್ಲಿ ಇಂಥ ಪ್ರಮಾಣ ಅಪರೂಪ. ಸಸ್ತನಿ ಎಂದಾಗ ಹನಿ ಪಾಸಮ್ ಎಂಬ ಪ್ರಾಣಿಯನ್ನು ಹೆಸರಿಸಲೇಬೇಕು. ಮೂಗು ಚಾಚಿದ ಮೂಷಿಕದಂತೆ ಕಾಣುವ, ಹೊಟ್ಟೆಯಲ್ಲಿ ಮರಿಚೀಲವಿರುವ, ಮಕರಂದ ಪರಾಗಗಳನ್ನಷ್ಟೇ ತಿಂದು ಬದುಕುವ ಇದರ ತೂಕ ಹೆಚ್ಚುಕಡಿಮೆ ಸ್ಪೈನ್‌ಬಿಲ್ಲಿನಷ್ಟೇ. ಸಸ್ಯವಿಜ್ಞಾನಿ ಸ್ಟೀಫನ್ ಹೋಪರ್ ಆಲ್ಬನಿ ಹತ್ತಿರದ ಚೈನ್ ಬೀಚಿನ ಬ್ಯಾಂಕ್ಸಿಯಾ ಪೊದೆಗಳಲ್ಲಿ ಹಕ್ಕಿಗಳೂ ಸಸ್ತನಿಗಳೂ ಪರಾಗ ಸಾಗಿಸುವುದನ್ನು ಅಧ್ಯಯನ ಮಾಡಿ 1980ರಲ್ಲಿ ಪ್ರಕಟಿಸಿದರು. ಪೂರ್ವದ ಹಕ್ಕಿಗೆ ಇಷ್ಟು ಪೂರ್ಣವಾಗಿ ಹೂವನ್ನೇ ನೆಚ್ಚಿದ ನಾಲ್ಕು ಕಾಲಿನ ಪಾಲುದಾರನಿಲ್ಲ.

ದೊಡ್ಡವರ ನಡುವೆ

ಸಮೃದ್ಧ ಹೂಗೊಂಚಲಿನ ಮೇಲೆ ದೊಡ್ಡ ಹನಿಈಟರ್‌ಗಳ ಯಜಮಾನಿಕೆ ನಡೆಯುತ್ತದೆ. ನೂರು ಗ್ರಾಮ್ ಮೀರಿದ ಕೆಂಪು ವಾಟಲ್‌ಬರ್ಡ್ ಬಂದರೆ ನ್ಯೂ ಹಾಲೆಂಡ್ ಹನಿಈಟರ್ ಜಾಗ ಬಿಡಬೇಕು. ಇಪ್ಪತ್ತು ಗ್ರಾಮಿನ ಅದು ಬಂದರೆ ಸ್ಪೈನ್‌ಬಿಲ್ ಓಡಬೇಕು. ಹಾಗಾದರೆ ಕೊನೆಯವರು ಉಳಿಯುವುದು ಹೇಗೆ? ದಕ್ಷಿಣ ಆಸ್ಟ್ರೇಲಿಯದಲ್ಲಿ ಹನಿಈಟರ್‌ಗಳು ಮಕರಂದವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬುದನ್ನು ಹ್ಯೂ ಫೋರ್ಡ್ ಮತ್ತು ಡೇವಿಡ್ ಪೇಟನ್ ವರ್ಷಗಟ್ಟಲೆ ಗಮನಿಸಿದರು. ಅವರ 1982ರ ಲೇಖನದ ತಿರುಳು ಹೀಗಿದೆ: ದಟ್ಟವಾಗಿ ಹೂಬಿಟ್ಟ ಮರವನ್ನು ಕಾಯುವುದು ದೊಡ್ಡ ಹಕ್ಕಿಗೆ ಲಾಭ. ಅಲ್ಲೊಂದು ಇಲ್ಲೊಂದು ಹೂ ಬಿಟ್ಟ ಚೆದುರಿದ ಪೊದೆಗಳನ್ನು ಕಾದರೆ ಕಾಯುವ ಖರ್ಚೂ ಹುಟ್ಟದು. ಆ ಚಿಲ್ಲರೆ ಮಕರಂದ ಸಣ್ಣ ಹಕ್ಕಿಯ ಹೊಟ್ಟೆಗೆ ಸಾಕು. ಸ್ಪೈನ್‌ಬಿಲ್ಲಿನ ಉದ್ದ ಕೊಕ್ಕನ್ನೂ ಅಲ್ಪತೂಕವನ್ನೂ ಈ ಲೆಕ್ಕದಲ್ಲಿ ಒಟ್ಟಿಗೆ ನೋಡಬೇಕು. ಕಾವಲುಗಾರ ಬೇರೆ ಕಡೆ ತಿರುಗಿದಾಗ ನಡುವೆ ನುಸುಳಿ ನಾಲ್ಕು ಹೂವಿಗೆ ಕೊಕ್ಕಿಟ್ಟು ಹಾರುವ ಕಳ್ಳತನವೂ ಉಂಟು.

ಪೂರ್ವದ ಊರು ಹೊಲಗಳಲ್ಲಿ ಇನ್ನೊಂದು ತೊಡಕಿದೆ, ನಾಯ್ಸಿ ಮೈನರ್. ಇದೂ ಹನಿಈಟರ್ ಕುಟುಂಬದ್ದೇ. ಕಾಡು ತುಂಡಾದ ಕಡೆಗಳಲ್ಲಿ ಇವು ಗುಂಪುಗೂಡಿ ಸಣ್ಣ ಹಕ್ಕಿಗಳನ್ನೆಲ್ಲ ಅಟ್ಟಿಬಿಡುತ್ತವೆ. ಈ ಹಾವಳಿಯನ್ನು ಆಸ್ಟ್ರೇಲಿಯ ಸರ್ಕಾರ 2014ರಲ್ಲಿ ವನ್ಯಜೀವಿಗಳಿಗೆ ಒದಗಿದ ಮುಖ್ಯ ಅಪಾಯಗಳ ಪಟ್ಟಿಗೆ ಸೇರಿಸಿತು. ದಟ್ಟ ಪೊದೆಯಿರುವ ತೋಟದಲ್ಲಿ ಸ್ಪೈನ್‌ಬಿಲ್ ತಲೆಮರೆಸಿಕೊಳ್ಳಬಲ್ಲದು, ಬೋಳು ಹುಲ್ಲುಹಾಸಿನ ಉದ್ಯಾನದಲ್ಲಿ ಅದು ಸಾಧ್ಯವಿಲ್ಲ.

ಕೂಗು, ಸಂಚಾರ, ಸಂಸಾರ

ಪೂರ್ವದ ಹಕ್ಕಿಯ ಕೂಗು ಒಂದೇ ಸಮನೆ ಬಿಟ್ಟುಬಿಟ್ಟು ಬರುವ ತೀಕ್ಷ್ಣವಾದ ಸಿಳ್ಳೆ. ಹಾರುವಾಗ ರೆಕ್ಕೆಯಿಂದ ಪಟಪಟ ಸದ್ದು ಹೊಮ್ಮುತ್ತದೆ, ಹಕ್ಕಿ ಕಾಣುವ ಮೊದಲೇ ಈ ಸದ್ದು ಅದರ ಬರವನ್ನು ತಿಳಿಸುತ್ತದೆ. ಪೂರ್ವದ ಬೆಟ್ಟಗಳಲ್ಲಿ ಚಳಿ ಏರಿದಾಗ ಹಲವು ಹಕ್ಕಿಗಳು ಕೆಳಗಿಳಿಯುತ್ತವೆ. ಕ್ಯಾನ್‌ಬೆರ ನಗರದ ತೋಟಗಳಲ್ಲಿ ಅವು ಹೆಚ್ಚಾಗಿ ಕಾಣುವುದು ಶರತ್ಕಾಲ ಚಳಿಗಾಲಗಳಲ್ಲಿ. ಅಲ್ಲಿಯವರು ಬೆಳೆಸಿದ ಫ್ಯೂಷಿಯಾ, ಸಾಲ್ವಿಯಾಗಳೂ ಅವಕ್ಕೆ ಒಗ್ಗಿವೆ. ಆ ಕೆಂಪು ಕೊಳವೆ ಹೂಗಳು ದಕ್ಷಿಣ ಅಮೆರಿಕದಲ್ಲಿ ಹಮ್ಮಿಂಗ್‌ಬರ್ಡ್‌ಗಳಿಗಾಗಿ ರೂಪುಗೊಂಡವು, ಆಸ್ಟ್ರೇಲಿಯದಲ್ಲಿ ಈ ಕೊಕ್ಕಿಗೆ ಸಲೀಸಾಗಿ ಸಿಕ್ಕವು. ಮೆಲ್ಬರ್ನ್ ಸಿಡ್ನಿಗಳ ಹೊರವಲಯದಲ್ಲಿ ಮನೆ ಮಾಡಿರುವ ಕನ್ನಡಿಗರು ಹಿತ್ತಲ ಸಾಲ್ವಿಯಾದ ಮುಂದೆ ಸೂರಕ್ಕಿ ಕಂಡೆವೆಂದರೆ ಅದು ಬಹುಮಟ್ಟಿಗೆ ಪೂರ್ವದ ಸ್ಪೈನ್‌ಬಿಲ್ಲೇ ಆಗಿರುತ್ತದೆ. ಪಶ್ಚಿಮದ ಹಕ್ಕಿಯೂ ಹೂವು ಎಲ್ಲಿ ಅರಳಿದೆಯೋ ಅತ್ತ ಸರಿಯುತ್ತದೆ.

ಪೂರ್ವದಲ್ಲಿ ಗೂಡುಕಟ್ಟುವ ಕಾಲ ಮುಖ್ಯವಾಗಿ ಆಗಸ್ಟಿನಿಂದ ಡಿಸೆಂಬರ್, ಪಶ್ಚಿಮದಲ್ಲಿ ಸೆಪ್ಟೆಂಬರಿನಿಂದ ಜನವರಿ. ಕಡ್ಡಿ, ಹುಲ್ಲು, ತೊಗಟೆಯ ನಾರುಗಳನ್ನು ಜೇಡರ ಬಲೆಯಿಂದ ಬಿಗಿದು ಹೆಣ್ಣು ಪುಟ್ಟ ಬಟ್ಟಲು ಮಾಡಿ, ಒಳಗೆ ಮೆತ್ತನೆಯದನ್ನು ಹಾಸುತ್ತದೆ. ಪೂರ್ವದ ಹಕ್ಕಿ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ, ಕೆಲವೊಮ್ಮೆ ನಾಲ್ಕರವರೆಗೂ. ಪಶ್ಚಿಮದ್ದು ಒಂದೋ ಎರಡೋ. ಪೂರ್ವದಲ್ಲಿ ಕಾವಿನ ಅವಧಿ ಎರಡು ವಾರದಷ್ಟು, ಕಾವು ಹೆಣ್ಣಿನದು, ಮರಿಗೆ ಉಣಿಸುವಾಗ ಗಂಡೂ ಜೊತೆಗೂಡುತ್ತದೆ.

ಸೂರಕ್ಕಿಗಳ ಜೊತೆ ಇಟ್ಟರೆ

ಕರ್ನಾಟಕದ ಓದುಗರಿಗೆ ಸ್ಪೈನ್‌ಬಿಲ್ ಚಿತ್ರ ತೋರಿಸಿದರೆ ಮೊದಲು ಹೊಳೆಯುವ ಹೆಸರು ಸೂರಕ್ಕಿ. ಗಾತ್ರ, ಬಾಗುಗೊಕ್ಕು, ಹೂವಿನ ಮುಂದಿನ ಚಡಪಡಿಕೆ ಎಲ್ಲ ಹೊಂದುತ್ತವೆ. ರಕ್ತಸಂಬಂಧ ಮಾತ್ರ ಬಹು ದೂರದ್ದು. ಸೂರಕ್ಕಿಗಳ ಹತ್ತಿರದ ನೆಂಟರು ಬದನಿಕೆ ಹಕ್ಕಿಗಳು. ಹನಿಈಟರ್‌ಗಳು ಹಾಡುಹಕ್ಕಿಗಳ ಬೇರೆಯದೇ ಹಳೆಯ ಆಸ್ಟ್ರೇಲಿಯನ್ ಕವಲಿನವು. ಹಮ್ಮಿಂಗ್‌ಬರ್ಡ್ ಹಾಡುಹಕ್ಕಿಯೇ ಅಲ್ಲ. ಮೂರು ಖಂಡಗಳ ಕೊಳವೆ ಹೂಗಳು ಮೂರು ಬೇರೆ ವಂಶಗಳಿಂದ ಒಂದೇ ಬಗೆಯ ಕೊಕ್ಕನ್ನು ಮೂಡಿಸಿಕೊಂಡಿವೆ. ಒಳಗಿನ ಸಲಕರಣೆಯಲ್ಲಿ ಗುಟ್ಟು ಬಯಲಾಗುತ್ತದೆ: ಸೂರಕ್ಕಿಯ ನಾಲಗೆ ಅಂಚು ಸುರುಳಿಗೊಂಡು ಕೊಳವೆಯಾದದ್ದು, ಸ್ಪೈನ್‌ಬಿಲ್ಲಿನದು ಎಳೆಎಳೆಯಾದದ್ದು. ಗೂಡು ನೋಡಿದರಂತೂ ಗೊಂದಲವೇ ಇಲ್ಲ. ಜೇಡರ ಬಲೆಯನ್ನು ಎರಡೂ ಬಳಸುತ್ತವೆ, ಆದರೆ ಸೂರಕ್ಕಿಯದು ಪಕ್ಕದಲ್ಲಿ ಬಾಗಿಲಿರುವ ತೂಗುಚೀಲ, ಸ್ಪೈನ್‌ಬಿಲ್ಲಿನದು ಕವಲಿನಲ್ಲಿ ಕೂತ ಬಟ್ಟಲು.

ಹೂಗಳ ಮೂಲಕ ಇನ್ನೊಂದು ನಂಟಿದೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೂ ಮೆಣಸಿನ ಬಳ್ಳಿಗೂ ಬೆಳೆಸುವ ಸಿಲ್ವರ್ ಓಕ್, ಗ್ರೆವಿಲಿಯಾ ಜಾತಿಯ ಮರ. ಅದರ ತವರು ಕ್ವೀನ್ಸ್‌ಲೆಂಡಿನ ಆಗ್ನೇಯ ಮತ್ತು ನ್ಯೂ ಸೌತ್ ವೇಲ್ಸಿನ ಈಶಾನ್ಯ ಭಾಗ, ಪೂರ್ವದ ಸ್ಪೈನ್‌ಬಿಲ್ಲಿನ ಸೀಮೆಯೇ. ಬೆಂಗಳೂರಿನ ಉದ್ಯಾನಗಳ ಬಾಟಲ್‌ಬ್ರಷ್ ಕೂಡ ಅಲ್ಲಿಯದೇ. ಹನಿಈಟರ್‌ಗಳಿಗಾಗಿ ಮಕರಂದ ಸುರಿಸುತ್ತಿದ್ದ ಅದರ ಹೂಗಳ ಮೇಲೆ ಇಲ್ಲಿ ಸೂರಕ್ಕಿಗಳು ಜೋತಾಡುತ್ತವೆ.

ಈಗಿನ ಸ್ಥಿತಿ

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪಟ್ಟಿಯಲ್ಲಿ ಎರಡೂ ಪ್ರಭೇದಗಳು ಸದ್ಯಕ್ಕೆ ಕನಿಷ್ಠ ಆತಂಕದ ವರ್ಗದಲ್ಲಿವೆ. ಆದರೆ ಅವುಗಳ ನೆಲೆಗಳಿಗೆ ಆ ನೆಮ್ಮದಿಯಿಲ್ಲ. ನಾರ್ಮನ್ ಮೈಯರ್ಸ್ ತಂಡ 2000ದಲ್ಲಿ ಪಟ್ಟಿಮಾಡಿದ ಜಗತ್ತಿನ 25 ಜೀವವೈವಿಧ್ಯ ತಾಣಗಳಲ್ಲಿ ನೈಋತ್ಯ ಆಸ್ಟ್ರೇಲಿಯವೂ ಇತ್ತು, ಶ್ರೀಲಂಕಾದೊಡನೆ ಸೇರಿ ನಮ್ಮ ಪಶ್ಚಿಮಘಟ್ಟವೂ ಇತ್ತು. ಪೂರ್ವ ಆಸ್ಟ್ರೇಲಿಯದ ಕಾಡುಗಳನ್ನು 2011ರಲ್ಲಿ 35ನೆಯ ತಾಣವಾಗಿ ಸೇರಿಸಿದರು. ಆ ಪಟ್ಟಿ ಸೇರಲು ಸಸ್ಯಸಂಪತ್ತಿದ್ದರಷ್ಟೇ ಸಾಲದು, ಮೂಲ ಸಸ್ಯವರ್ಗದ ಬಹುಪಾಲು ಆಗಲೇ ನಾಶವಾಗಿರಬೇಕು.

ಎರಡರಲ್ಲಿ ಹೆಚ್ಚು ಚಿಂತೆ ಪಶ್ಚಿಮದ ಹಕ್ಕಿಯದು, ಅದರ ನೆಲೆ ಚಿಕ್ಕದು. ಗೋಧಿ ಬೇಸಾಯ ಒಳನಾಡಿನ ಕುರುಚಲನ್ನು ನುಂಗಿತು, ಪರ್ತ್ ನಗರ ಕರಾವಳಿಯ ಬ್ಯಾಂಕ್ಸಿಯಾ ತೋಪುಗಳನ್ನು ಕಬಳಿಸುತ್ತ ಬೆಳೆಯಿತು. ಸ್ವಾನ್ ಕರಾವಳಿ ಬಯಲಿನ ಬ್ಯಾಂಕ್ಸಿಯಾ ಕಾಡನ್ನು 2016ರಲ್ಲಿ ಅಪಾಯದಂಚಿನ ಸಸ್ಯಸಮುದಾಯವೆಂದು ಘೋಷಿಸಲಾಯಿತು. ಇವುಗಳ ಮೇಲೆ ಫೈಟಾಫ್ತೊರ ಸಿನ್ನಮೋಮಿ ಎಂಬ ಬೇರುಕೊಳೆ ರೋಗಾಣು. ಹೊರಗಿನಿಂದ ಬಂದ ಇದು ಲಾರಿ ಚಕ್ರ, ಬೂಟುಗಳಿಗಂಟಿದ ಮಣ್ಣಿನಲ್ಲಿ ಹರಡುತ್ತದೆ. ಜರ್ರಾ ಕಾಡಿನ ಸಾವಿಗೆ ಇದೇ ಕಾರಣವೆಂದು ಪತ್ತೆಯಾದದ್ದು 1960ರ ದಶಕದಲ್ಲಿ. ಹಕ್ಕಿಗೆ ಇದು ನೇರವಾಗಿ ಏನೂ ಮಾಡದು. ಬ್ಯಾಂಕ್ಸಿಯಾ ಮತ್ತು ಅದರ ಬಳಗದ ಗಿಡಗಳೇ ಇದಕ್ಕೆ ಮೊದಲು ಬಲಿಯಾಗುವುದರಿಂದ ರೋಗ ಹೊಕ್ಕ ನೆಲದಲ್ಲಿ ಮಕರಂದವೇ ಇಲ್ಲವಾಗುತ್ತದೆ.

ಪೂರ್ವದಲ್ಲಿ ಬೆಂಕಿ ದೊಡ್ಡ ಚಿಂತೆ. 2019-20ರ ಬೇಸಿಗೆಯಲ್ಲಿ ಕಾಂಗರೂ ದ್ವೀಪದ ಹತ್ತಿರ ಹತ್ತಿರ ಅರ್ಧ ಭಾಗ ಸುಟ್ಟುಹೋಯಿತು. ಸುಟ್ಟ ಪೊದೆಗಳು ಬೀಜದಿಂದ ಮತ್ತೆ ಮೊಳೆತರೂ ಹೂ ಬಿಡಲು ಹಲವು ವರ್ಷ ಬೇಕು. ಅದರೊಳಗೆ ಇನ್ನೊಂದು ಬೆಂಕಿ ಬಿದ್ದರೆ ಬೀಜದ ಸಂಗ್ರಹವೂ ಮುಗಿಯುತ್ತದೆ.

ನೋಡಲು ಹೋಗುವವರಿಗೆ ಪೂರ್ವದ ಹಕ್ಕಿ ಸುಲಭ: ಕ್ಯಾನ್‌ಬೆರದ ರಾಷ್ಟ್ರೀಯ ಸಸ್ಯೋದ್ಯಾನ, ಸಿಡ್ನಿ ಪಕ್ಕದ ರಾಯಲ್ ರಾಷ್ಟ್ರೀಯ ಉದ್ಯಾನ, ಬ್ಲೂ ಮೌಂಟನ್ಸ್, ಮೆಲ್ಬರ್ನ್ ಹತ್ತಿರದ ಡ್ಯಾಂಡೆನಾಂಗ್ ಬೆಟ್ಟಗಳು. ಪಶ್ಚಿಮದ್ದಕ್ಕೆ ಪರ್ತ್ ನಗರದೊಳಗಿನ ಕಿಂಗ್ಸ್ ಪಾರ್ಕಿನಿಂದ ಆರಂಭಿಸಬಹುದು. ಸ್ಟರ್ಲಿಂಗ್ ಬೆಟ್ಟಸಾಲಿಗೋ ಚೈನ್ ಬೀಚಿಗೋ ವಸಂತದಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ ಹೋದರೆ ಇನ್ನೂ ಒಳ್ಳೆಯದು. ಆಗ ಗಂಡು ಹಕ್ಕಿ ಪೊದೆಯ ತುದಿಯಲ್ಲೇ ಕೂತು ಕೂಗುತ್ತದೆ, ಹೆಣ್ಣನ್ನು ಮಾತ್ರ ಕೆಳಗಿನ ರೆಂಬೆಗಳಲ್ಲಿ ಹುಡುಕಬೇಕು.